ಪೆಟ್ಟಿಗೆಗಿಂತ ಮೊದಲು ಹೊಲಿಗೆ ಯಂತ್ರ

ಮಗಳೇ, ನಿನ್ನ ಹೊಸ ಬಟ್ಟೆ ಅಂಗಡಿಯ ಬಾಗಿಲಲ್ಲೇ ಹಳೇ ಬಟ್ಟೆ ಹಾಕುವ ಪೆಟ್ಟಿಗೆ ಇಡುತ್ತೀಯಂತೆ, ಹಳೆಯದನ್ನು ತಂದವರಿಗೆ ಹೊಸದರ ಮೇಲೆ ರಿಯಾಯಿತಿಯಂತೆ. ಮಾರಿ ಕೈತೊಳೆದುಕೊಳ್ಳುವ ವ್ಯಾಪಾರ ಬೇಡ ಅಂತ ನಿನಗೆ ಅನ್ನಿಸಿದ್ದೇ ನನಗೆ ಸಂತೋಷ. ಆದರೆ ಪೆಟ್ಟಿಗೆಗಿಂತ ಮೊದಲು ಒಂದು ಹೊಲಿಗೆ ಯಂತ್ರ ಹಾಕಿಸು.

ಯಾಕೆ ಗೊತ್ತಾ? ಪೆಟ್ಟಿಗೆಗೆ ಬಿದ್ದ ಅಂಗಿ ಮತ್ತೆ ಅಂಗಿಯಾಗಿ ಬರುವುದು ತೀರಾ ಅಪರೂಪ. ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ ಎಂಬ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿದಂತೆ, ಬಟ್ಟೆಗೆ ಬಳಸಿದ ಸರಕಿನಲ್ಲಿ ಹೊಸ ಬಟ್ಟೆಯಾಗಿ ಮರಳುವುದು ಶೇಕಡಾ 1ಕ್ಕೂ ಕಡಿಮೆ. ಹರಿಯಾಣದ ಪಾಣಿಪತ್‌ನಲ್ಲಿ ಹೊರದೇಶಗಳ ಹಳೇ ಉಣ್ಣೆ ಬಟ್ಟೆಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ಗುಂಡಿ ಜಿಪ್ ಕಿತ್ತು, ಯಂತ್ರದಲ್ಲಿ ಹರಿದು ಮತ್ತೆ ನೂಲು ತೆಗೆಯುತ್ತಾರೆ. ದೊಡ್ಡ ಕೆಲಸವೇ ಅದು. ಆದರೂ ಹರಿದಾಗ ಎಳೆ ತುಂಡಾಗುತ್ತದೆ, ನೂಲು ಒರಟಾಗುತ್ತದೆ. ಅದು ಹೆಚ್ಚಾಗಿ ಅಗ್ಗದ ಕಂಬಳಿಗೆ ಹೋಗುತ್ತದೆ. ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದರಂತೂ ಎರಡನ್ನೂ ಬೇರ್ಪಡಿಸುವುದೇ ಕಷ್ಟ. ಅದರ ಮೇಲೆ ರಿಯಾಯಿತಿಯ ಆಸೆ ಹುಟ್ಟಿಸಿದರೆ, ಇನ್ನೂ ಎರಡು ವರ್ಷ ಉಡಬಹುದಾದದ್ದನ್ನೂ ಜನ ತಂದು ಹಾಕುತ್ತಾರೆ.

ಬಟ್ಟೆ ಇಡಿಯಾಗಿ ಎಷ್ಟು ದಿನ ಮೈಮೇಲಿರುತ್ತದೋ ಅಷ್ಟೂ ಲಾಭ. ಅದಕ್ಕೆ ಖರೀದಿಗೆ ಹೋದಾಗ ಮೊದಲು ಒಳಮಗ್ಗುಲು ತಿರುಗಿಸಿ ನೋಡು. ಹೊಲಿಗೆಯ ಅಂಚಿನಲ್ಲಿ ಬಿಚ್ಚಿ ಅಗಲ ಮಾಡುವಷ್ಟು ಬಟ್ಟೆ ಬಿಟ್ಟಿದ್ದಾರಾ? ಮಕ್ಕಳ ಲಂಗಕ್ಕೆ ಇಳಿಸಿಕೊಳ್ಳಲು ಮಡಿಕೆ ಇದೆಯಾ? ಈಗಿನ ಎಷ್ಟೋ ರೆಡಿಮೇಡುಗಳಲ್ಲಿ ಬರೀ ಓವರ್‌ಲಾಕ್ ಹೊಡೆದು ಕೊಟ್ಟಿರುತ್ತಾರೆ. ಮೈ ಸ್ವಲ್ಪ ತುಂಬಿದರೆ ಆ ಅಂಗಿಯ ಆಯುಸ್ಸು ಮುಗಿಯಿತು. ಅಂಥ ಮಾಲು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡು. ಬೇರೆ ಬೇರೆ ಗುಂಡಿ, ಜಿಪ್, ಎಲಾಸ್ಟಿಕ್ ಅಂಗಡಿಯಲ್ಲೇ ಇಟ್ಟುಕೋ. ನಿನ್ನಲ್ಲಿ ಕೊಂಡದ್ದಕ್ಕೆ ಮೊದಲ ವರ್ಷ ಬಿಟ್ಟಿ ರಿಪೇರಿ ಅಂತ ಬಿಲ್ಲಿನ ಮೇಲೇ ಬರೆದುಕೊಡು. ರಫೂ ಹಾಕಬಲ್ಲ ಕೈ ಸಿಕ್ಕರಂತೂ ಕೇಳಿದಷ್ಟು ಸಂಬಳ ಕೊಟ್ಟು ಉಳಿಸಿಕೋ, ಅಂಥವರು ಈಗ ಕಡಿಮೆ.

ಇದು ಮುದುಕಿಯ ಹಳೇ ಕಾಲದ ಮಾತು ಅಂದುಕೊಳ್ಳಬೇಡ. ಫ್ರಾನ್ಸ್‌ನಲ್ಲಿ 2023ರಿಂದ ಬಟ್ಟೆ, ಚಪ್ಪಲಿ ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲೇ ಒಂದಿಷ್ಟು ಯೂರೋ ಕಡಿತ ಸಿಗುತ್ತದೆ. ಆ ಹಣ ಬರುವುದು ಬಟ್ಟೆ ಮಾರುವ ಕಂಪನಿಗಳೇ ಕಟ್ಟುವ ನಿಧಿಯಿಂದ. ಮಾರಾಟವಾಗದೆ ಉಳಿದ ಬಟ್ಟೆಯನ್ನು ಸುಡುವುದಕ್ಕೂ ಅಲ್ಲಿ ಕಾನೂನಿನ ತಡೆ ಇದೆ.

ಆಮೇಲೆ ಬೇಕಾದರೆ ಪೆಟ್ಟಿಗೆ ಇಡು. ನೀನು ಮಾರಿದ್ದನ್ನಷ್ಟೇ ತೆಗೆದುಕೋ, ಒಗೆದು ಕೊಟ್ಟರೆ ಮಾತ್ರ. ಚೆನ್ನಾಗಿರುವುದನ್ನು ಸರಿಪಡಿಸಿ, ಬಳಸಿದ್ದು ಅಂತ ಮುಚ್ಚುಮರೆಯಿಲ್ಲದೆ ಹೇಳಿ, ಕಡಿಮೆ ಬೆಲೆಗೆ ಮಾರು. ಉಡಲಾಗದ ಹತ್ತಿ ಬಟ್ಟೆಯನ್ನು ಕೌದಿ ಹೊಲಿಯುವ ಹೆಂಗಸರಿಗೆ ಕೊಟ್ಟು, ಹೊಲಿದ ಕೌದಿಗೆ ಸರಿಯಾದ ಕೂಲಿ ಕೊಡು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಸೀರೆ, ಧೋತರ ಕೌದಿಗೆ ಹೋಗುತ್ತಿದ್ದದ್ದು ಉಟ್ಟು ಸವೆದ ಮೇಲೆಯೇ.

ಬೋರ್ಡು ಬರೆಸುವ ದುಡ್ಡನ್ನು ಸದ್ಯಕ್ಕೆ ತಡೆಹಿಡಿ. ಅಂಗಡಿ ತೆರೆಯುವ ಮೊದಲು ಒಳ್ಳೆಯ ದರ್ಜಿಯೊಬ್ಬರನ್ನು ಗೊತ್ತುಮಾಡಿಕೋ.