ವಾಲಿಬಾಲ್ ಕೋಚ್‌ಗೆ ಬೇಕಾದ ಮೂರು ವಿದ್ಯೆ

ಹೋದ ವರ್ಷ ತಾಲ್ಲೂಕು ಪಂದ್ಯಕ್ಕೆ ಹತ್ತು ದಿನ ಇರುವಾಗ ಹೊರಕೆರೆದೇವಪುರದ ಮೈದಾನದಲ್ಲಿ ನನ್ನ ಬಲಗಾಲು ಉಳುಕಿತು. ಬ್ಲಾಕ್ ಮಾಡಲು ಹಾರಿದ್ದೆ, ಇಳಿದದ್ದು ಎದುರಾಳಿಯ ಪಾದದ ಮೇಲೆ. ಮನೆಯಲ್ಲಿ ದಾದಿ ಎಣ್ಣೆ ಕಾಯಿಸಿದರು. ಒಬ್ಬರು ಬಂದು ಜೋರಾಗಿ ಎಳೆದು ತಿಕ್ಕಿದರು. ಬೆಳಗಾಗುವಷ್ಟರಲ್ಲಿ ಕಾಲು ಎರಡರಷ್ಟು ಊದಿತ್ತು. ನನಗೆ ಪಂದ್ಯದ್ದೇ ಚಿಂತೆ. ಆದರೆ ನಮ್ಮ ಕೋಚ್ ಸರ್ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಆ ದಿನ ಅವರ ಮೇಲೆ ಸಿಟ್ಟು ಬಂತು. ಅವರು ಮಾಡಿದ್ದು ಸರಿ ಎಂದು ಈಗ ತಿಳಿದಿದೆ. ಒಳ್ಳೆಯ ಕೋಚ್‌ಗೆ ಮೂರು ವಿದ್ಯೆ ಬೇಕು ಎಂದು ಆಗಲೇ ಕಲಿತೆ.

1. ಆಡಿದ ಅನುಭವ: ಸ್ಪೈಕರ್ ಹಾರಿದ ಕ್ಷಣದ ನಂತರ ಬ್ಲಾಕರ್ ಹಾರಬೇಕು. ಈ ಅಂದಾಜು ಪುಸ್ತಕ ಓದಿದರೆ ಬರುವುದಿಲ್ಲ. ಬೆಂಗಳೂರು ಟಾರ್ಪೆಡೋಸ್ ತಂಡಕ್ಕೆ ತರಬೇತಿ ಕೊಟ್ಟ ಡೇವಿಡ್ ಲೀ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಮಿಡಲ್ ಬ್ಲಾಕರ್. ಅಂಥವರು ಹೇಳಿದರೆ ಆಟಗಾರ ನಂಬುತ್ತಾನೆ.

2. ಕಲಿಸುವ ವಿದ್ಯೆ: ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸುತ್ತಾರೆಂದಿಲ್ಲ. ಸ್ಪೈಕ್ ಒಂದೇ ಹೊಡೆತದಂತೆ ಕಂಡರೂ ಅದರಲ್ಲಿ ಓಟದ ಹೆಜ್ಜೆ, ಜಿಗಿತ, ಕೈ ಬೀಸುವುದು, ಇಳಿಯುವುದು ಎಂಬ ನಾಲ್ಕು ಭಾಗಗಳಿವೆ. ಬಲಗೈ ಆಟಗಾರನ ಕೊನೆಯ ಮೂರು ಹೆಜ್ಜೆ ಎಡ, ಬಲ, ಎಡ. ಕೋಚ್ ಇವನ್ನು ಬಿಡಿಸಿ ಕಲಿಸಿ, ಆಮೇಲೆ ಜೋಡಿಸುತ್ತಾರೆ. ಇದಕ್ಕೂ ಓದು ಇದೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚ್‌ಗಳಿಗೆ ಡಿಪ್ಲೊಮಾ ಕೊಡುತ್ತದೆ.

3. ಫಿಸಿಯೋಥೆರಪಿ: ವಾಲಿಬಾಲ್‌ನಲ್ಲಿ ಹೆಚ್ಚು ಪೆಟ್ಟಾಗುವುದು ಪಾದದ ಗಂಟು, ಮೊಣಕಾಲು, ಭುಜಕ್ಕೆ. ಪಾದದ ಸ್ವಲ್ಪ ಭಾಗ ಮಧ್ಯರೇಖೆಯ ಮೇಲಿದ್ದರೆ, ಉಳಿದದ್ದು ಆಚೆ ಹೋದರೂ ನಿಯಮ ಒಪ್ಪುತ್ತದೆ. ಹಾಗಾಗಿ ನೆಟ್‌ನ ಕೆಳಗೆ ಇಬ್ಬರ ಪಾದ ಸೇರುತ್ತವೆ. ಆಗ ಪಾದ ಒಳಕ್ಕೆ ಮಡಚಿ, ಗಂಟಿನ ಹೊರಬದಿಯ ಅಸ್ಥಿರಜ್ಜು ಹರಿಯುತ್ತದೆ. ಹರಿದದ್ದನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಹೆಚ್ಚುತ್ತವೆ. ನನಗೆ ಆದದ್ದು ಅದೇ.

ಮೊದಲು ಮಾಡಬೇಕಾದದ್ದು: ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ. ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಮೂಳೆ ಮುರಿದಿರಬಹುದು. ವೈದ್ಯರ ಬಳಿ ಹೋಗಿ ಎಕ್ಸ್-ರೇ ಮಾಡಿಸಿ.

ನೋವು ಹೋಯಿತೆಂದರೆ ಕಾಲು ವಾಸಿಯಾಯಿತೆಂದಲ್ಲ. ಅಸ್ಥಿರಜ್ಜು ಹರಿದಾಗ, ಪಾದ ಹೇಗಿದೆ ಎಂದು ಮೆದುಳಿಗೆ ತಿಳಿಸುವ ಶಕ್ತಿಯೂ ಕುಂದುತ್ತದೆ. ಅದಕ್ಕೇ ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುತ್ತದೆ. ಸರ್ ನನ್ನನ್ನು ದಿನವೂ ಒಂಟಿಕಾಲಿನಲ್ಲಿ 30 ಸೆಕೆಂಡ್ ನಿಲ್ಲಿಸಿದರು; ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಗೆಳೆಯರು ಕೊಕ್ಕರೆ ಎಂದು ನಕ್ಕರು. ಕೊನೆಗೆ ಒಂಟಿಕಾಲಿನಲ್ಲಿ ಜಿಗಿದು ಅಲುಗದೆ ನಿಂತ ದಿನ ಸರ್ ಚೆಂಡು ಕೈಗೆ ಕೊಟ್ಟರು.

ಆ ಪಂದ್ಯ ನಾನು ಆಡಲಿಲ್ಲ, ನಮ್ಮ ತಂಡ ಸೋತಿತು. ಆದರೆ ಈ ವರ್ಷ ಅದೇ ಕಾಲಿನ ಮೇಲೆ ನಿಂತು ಸರ್ವ್ ಮಾಡುತ್ತಿದ್ದೇನೆ. ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ಗೆಳೆಯರೇ, ಗೆಳತಿಯರೇ, ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಅದನ್ನು ಓದಿದವರಿಗೆ ಬಿ.ಪಿ.ಟಿ. ಪದವಿಯ ದಾರಿಯೂ ಇದೆ. ನಮ್ಮ ಹಳ್ಳಿಗಳ ಮೈದಾನಗಳಿಗೆ ಅಂಥವರು ಬೇಕಾಗಿದ್ದಾರೆ.