ಸ್ತನದ ಅರ್ಬುದಕ್ಕೆ ಚಿನ್ನದ ಕಣಗಳ ನೆರವು

1895ರಲ್ಲಿ ರಾಂಟ್‌ಜೆನ್ ಮಹಾಶಯನು ಕ್ಷ-ಕಿರಣಗಳನ್ನು ಕಂಡುಹಿಡಿದ ಸ್ವಲ್ಪಕಾಲದಲ್ಲಿಯೇ ವೈದ್ಯರು ಅವುಗಳನ್ನು ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ಚಿಕಿತ್ಸೆಗೆ ಬಳಸತೊಡಗಿದರು. ಅಂದಿನಿಂದಲೂ ಒಂದು ತೊಡಕು ಉಳಿದುಬಂದಿದೆ. ರೋಗದ ಜೀವಕೋಶ ಯಾವುದು, ಆರೋಗ್ಯವಾದುದು ಯಾವುದು ಎಂಬ ಭೇದವು ಕಿರಣಕ್ಕೆ ತಿಳಿಯದು. ಸ್ತನದ ಹಿಂದೆಯೇ ಶ್ವಾಸಕೋಶವಿದೆ; ಎಡಭಾಗದಲ್ಲಿ ಹೃದಯವೂ ಇದೆ. ಕಿರಣದ ಪ್ರಮಾಣವನ್ನು ಹೆಚ್ಚಿಸಿದರೆ ಇವುಗಳಿಗೆ ಅಪಾಯ. ತಗ್ಗಿಸಿದರೆ ರೋಗವು ಮರುಕಳಿಸೀತು. ಗೆಡ್ಡೆಯೊಂದೇ ಹೆಚ್ಚು ಕಿರಣವನ್ನು ಹೀರುವಂತೆ ಮಾಡಲು ಸಾಧ್ಯವೆ?

ಭೌತವಿಜ್ಞಾನವು ಇದಕ್ಕೊಂದು ದಾರಿಯನ್ನು ತೋರುತ್ತದೆ. ಕಡಮೆ ಶಕ್ತಿಯ ಕ್ಷ-ಕಿರಣವು ಪರಮಾಣುವಿನ ಒಳಕವಚದ ಇಲೆಕ್ಟ್ರಾನನ್ನು ಹೊರದೂಡಿ ತಾನು ಲಯವಾಗುತ್ತದೆ. ಇದೇ ದ್ಯುತಿವಿದ್ಯುತ್ ಪರಿಣಾಮ. ಸಮತೂಕದ ಎರಡು ಪದಾರ್ಥಗಳನ್ನು ಹೋಲಿಸಿದರೆ, ಈ ಪರಿಣಾಮವು ಸುಮಾರಾಗಿ ಪರಮಾಣು ಸಂಖ್ಯೆಯ ಘನಕ್ಕೆ ಅನುಗುಣವಾಗಿ ಏರುತ್ತದೆ. ಮಾಂಸದ ಸರಾಸರಿ ಪರಮಾಣು ಸಂಖ್ಯೆ ಸುಮಾರು 7, ಚಿನ್ನದ್ದು 79. ಸಂಖ್ಯೆ ಹತ್ತು ಪಟ್ಟಾದರೆ ಪರಿಣಾಮ ಸಾವಿರ ಪಟ್ಟಾಗುವುದನ್ನು ವಾಚಕರು ತಾವೇ ಲೆಕ್ಕಹಾಕಬಹುದು. ಹೊರಬಿದ್ದ ಇಲೆಕ್ಟ್ರಾನುಗಳು ಅಲ್ಪದೂರದಲ್ಲಿಯೇ ಶಕ್ತಿಯನ್ನು ಚೆಲ್ಲಿ, ಸಮೀಪದ ಜೀವಕೋಶಗಳ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತವೆ.

ಚಿನ್ನವನ್ನು ಗೆಡ್ಡೆಗೆ ತಲಪಿಸುವುದು ಹೇಗೆ? ಗೆಡ್ಡೆಯಲ್ಲಿ ಅವಸರದಿಂದ ಬೆಳೆದ ರಕ್ತನಾಳಗಳ ಗೋಡೆಗಳು ಸೋರುತ್ತವೆ. ಅತಿಸೂಕ್ಷ್ಮ ಕಣಗಳನ್ನು ರಕ್ತಕ್ಕೆ ಸೇರಿಸಿದರೆ ಅವು ಅಲ್ಲಿ ಜಿನುಗಿ ಸಂಗ್ರಹವಾಗುತ್ತವೆ. 2004ರಲ್ಲಿ ಅಮೆರಿಕದ ಹೇನ್‌ಫೆಲ್ಡ್ ಮತ್ತು ಸಂಗಡಿಗರು ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಸ್ತನದ ಅರ್ಬುದವಿದ್ದ ಇಲಿಗಳಿಗೆ 1.9 ನ್ಯಾನೋಮೀಟರ್ ವ್ಯಾಸದ ಚಿನ್ನದ ಕಣಗಳನ್ನು ಚುಚ್ಚಿ, 250 ಕಿಲೋವೋಲ್ಟ್ ಯಂತ್ರದ ಕಿರಣವನ್ನು ಹಾಯಿಸಲಾಯಿತು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್. ವರ್ಷದ ಬಳಿಕ ಈ ಇಲಿಗಳಲ್ಲಿ ನೂರಕ್ಕೆ 86 ಬದುಕಿದ್ದವು. ಕಿರಣವನ್ನು ಮಾತ್ರ ಪಡೆದವುಗಳಲ್ಲಿ ನೂರಕ್ಕೆ 20. ಚಿನ್ನವನ್ನು ಮಾತ್ರ ಪಡೆದವುಗಳಲ್ಲಿ ಒಂದೂ ಉಳಿಯಲಿಲ್ಲ. ಚಿನ್ನವು ತಾನೇ ಔಷಧವಲ್ಲ. ಕಿರಣದೊಡನೆ ಕೂಡಿದಾಗ ಮಾತ್ರ ಅದು ಫಲಕಾರಿ.

ಆದರೆ ಇಲಿಗೆ ಒಪ್ಪಿದ್ದು ಮನುಷ್ಯರಿಗೂ ಒಪ್ಪಬೇಕೆಂದಿಲ್ಲ. ಆ ಪ್ರಯೋಗದ ಗರಿಷ್ಠ ಪ್ರಮಾಣವು ಕಿಲೋಗ್ರಾಂ ದೇಹತೂಕಕ್ಕೆ 2.7 ಗ್ರಾಂ, ಅದೇ ಲೆಕ್ಕದಲ್ಲಿ 60 ಕಿಲೋಗ್ರಾಂ ತೂಕದ ಸ್ತ್ರೀಗೆ 162 ಗ್ರಾಂ ಚಿನ್ನ ಬೇಕಾದೀತು! ಅಲ್ಲದೆ, ದೇಹದ ಆಳವನ್ನು ಮುಟ್ಟಲು ಆಸ್ಪತ್ರೆಗಳು ಸಾಮಾನ್ಯವಾಗಿ 60 ಲಕ್ಷ ವೋಲ್ಟಿನ ಯಂತ್ರಗಳನ್ನು ಬಳಸುತ್ತವೆ. ಶಕ್ತಿ ಏರಿದಂತೆ ದ್ಯುತಿವಿದ್ಯುತ್ ಪರಿಣಾಮವು ವೇಗವಾಗಿ ಕುಗ್ಗಿ ಕಾಂಪ್ಟನ್ ಚದರುವಿಕೆಯು ಮೇಲುಗೈ ಪಡೆಯುತ್ತದೆ. ಅದರಲ್ಲಿ ಚಿನ್ನಕ್ಕೂ ಮಾಂಸಕ್ಕೂ ಹೆಚ್ಚಿನ ಅಂತರವಿಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಮೃದು ಅಂಗಾಂಶದ ಅರ್ಬುದವಿದ್ದ ರೋಗಿಗಳ ಗೆಡ್ಡೆಗೇ ನೇರವಾಗಿ ಹಾಫ್ನಿಯಂ ಆಕ್ಸೈಡಿನ ಕಣಗಳನ್ನು ಚುಚ್ಚಿ ನಡೆಸಿದ ಪರೀಕ್ಷೆಯ ಫಲವು 2019ರಲ್ಲಿ ಹೊರಬಂದಿತು. ಕಣಗಳನ್ನು ಪಡೆದವರಲ್ಲಿ ನೂರಕ್ಕೆ 16 ಮಂದಿಯ ಗೆಡ್ಡೆಯಲ್ಲಿ ರೋಗದ ಕೋಶಗಳು ಬಹುತೇಕ ನಾಶವಾಗಿದ್ದವು. ಕಿರಣವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 8. ಸ್ತನದ ಅರ್ಬುದಕ್ಕೆ ಇಂತಹ ಕಣಗಳು ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಅಲ್ಪ ಪ್ರಮಾಣದ ಕಣಗಳನ್ನು ತಕ್ಕ ಕೋಶಕ್ಕೆ ಮುಟ್ಟಿಸಿ, ತಕ್ಕ ಶಕ್ತಿಯ ಕಿರಣವನ್ನು ಆರಿಸುವುದು ಭೌತವಿಜ್ಞಾನಿಗೂ ವೈದ್ಯನಿಗೂ ಕೂಡಿಯೇ ಬಿಡಿಸಬೇಕಾದ ಸಮಸ್ಯೆಯಾಗಿದೆ.