ಮೂರಡಿ ಎತ್ತರದ ಅಟ್ಟ

ಉದ್ದ ಒಂಬತ್ತು ಅಡಿ, ಅಗಲ ಏಳು. ಎತ್ತರ ಹೆಚ್ಚೆಂದರೆ ಮೂರು ಅಡಿ, ಅಲ್ಲಿಂದ ಮಾಡು ಇಳಿಜಾರು. ಹಾಸ್ಟೆಲ್ ರೂಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದ್ವಿ. ಉದ್ದ-ಅಗಲ ಪರವಾಗಿಲ್ಲ ಅನ್ನಿಸ್ತು. ಭಯ ಆಗಿದ್ದು ಎತ್ತರ ನೆನೆದಾಗ.

ಅಮೆರಿಕದ ಉತ್ತರ ಕೆರೊಲೈನಾದ ಈಡೆಂಟನ್ ಊರಲ್ಲಿ ಹ್ಯಾರಿಯೆಟ್ ಜೇಕಬ್ಸ್ ಎಂಬ ಗುಲಾಮ ಹೆಣ್ಣುಮಗಳು ಇಂಥ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿದ್ದಳು. ಹುಟ್ಟಿದ್ದು 1813ರಲ್ಲಿ. ಅಕ್ಷರ ಕಲಿಸಿದ್ದು ಮೊದಲ ಒಡತಿ. ಆ ಒಡತಿಯೇ ಸಾಯುವಾಗ ಇವಳನ್ನು ಉಯಿಲಿನಲ್ಲಿ ಒಂದು ಪುಟ್ಟ ಮಗುವಿನ ಹೆಸರಿಗೆ ಬರೆದಳು. ಮಗುವಿನ ತಂದೆ ಡಾಕ್ಟರ್ ಜೇಮ್ಸ್ ನಾರ್ಕಮ್. ಅವನ ಲೈಂಗಿಕ ಕಿರುಕುಳ ವರ್ಷಗಟ್ಟಲೆ ನಡೆಯಿತು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ ಅನ್ನೋದು ಅಲ್ಲಿನ ಕಾನೂನು. ತಾನು ಕಾಣೆಯಾದರೆ ಅವನು ಮಕ್ಕಳನ್ನು ಮಾರಿಯಾನು, ಅವರ ತಂದೆಯಾದ ಬಿಳಿಯ ವಕೀಲ ಕೊಂಡಾನು ಎಂದು ಆಕೆ ಲೆಕ್ಕ ಹಾಕಿದಳು. 1835ರಲ್ಲಿ ತಪ್ಪಿಸಿಕೊಂಡಳು. ನಾರ್ಕಮ್ ಪತ್ರಿಕೆಯಲ್ಲಿ 100 ಡಾಲರ್ ಬಹುಮಾನ ಸಾರಿದ. ಲೆಕ್ಕವೂ ತಪ್ಪಲಿಲ್ಲ, ವಕೀಲ ದಲ್ಲಾಳಿಯ ಮೂಲಕ ಮಕ್ಕಳನ್ನು ಕೊಂಡು ಆಕೆಯ ಅಜ್ಜಿಯ ಮನೆಯಲ್ಲಿ ಬಿಟ್ಟ. ಅಜ್ಜಿ ಆಗಲೇ ಸ್ವತಂತ್ರಳಾಗಿದ್ದವಳು, ಮನೆ ಅವಳದೇ.

ಅಟ್ಟ ಇದ್ದದ್ದೂ ಆ ಮನೆಯಲ್ಲೇ!

ಕತ್ತಲಲ್ಲಿ ಕೈಗೆ ಒಂದು ಸಣ್ಣ ಬೈರಿಗೆ ಸಿಕ್ಕಿತು. ಅದರಲ್ಲಿ ಮೂರು ಸಾಲು ತೂತು ಕೊರೆದು, ನಡುವಿನ ಮರವನ್ನೂ ಕೊರೆದು, ಒಂದಿಂಚು ಚೌಕದ ಕಿಂಡಿ ಮಾಡಿಕೊಂಡಳು. ಅಲ್ಲಿಂದ ಮಕ್ಕಳು ಆಡೋದು ಕಾಣ್ತಿತ್ತು. ಬೇಸಿಗೆಯಲ್ಲಿ ತಲೆಯ ಮೇಲಿನ ಹಲಗೆಗಳಿಂದ ಟರ್ಪೆಂಟೈನ್ ಸೋರುತ್ತಿತ್ತು, ಚಳಿಗಾಲದಲ್ಲಿ ಪಾದ ಮರಗಟ್ಟುತ್ತಿದ್ದವು. ಇದರ ನಡುವೆಯೂ ನಾರ್ಕಮ್‌ನನ್ನು ಆಟವಾಡಿಸಿದಳು. ಹಳೆಯ ನ್ಯೂಯಾರ್ಕ್ ಪತ್ರಿಕೆಯೊಂದನ್ನು ತರಿಸಿ, ಅದರಲ್ಲಿದ್ದ ಬೀದಿಯ ಹೆಸರು ಹಾಕಿ ಪತ್ರ ಬರೆದು, ನ್ಯೂಯಾರ್ಕಿನಿಂದಲೇ ಅಂಚೆಗೆ ಹಾಕಿಸಿದಳು. ಅವನು ಅಲ್ಲಿ ಹುಡುಕಲಿ ಅಂತ. ಆಕೆಯಿದ್ದದ್ದು ಅವನದೇ ಊರಲ್ಲಿ.

1842ರಲ್ಲಿ ಹಡಗು ಹತ್ತಿ ಉತ್ತರಕ್ಕೆ ಹೋಗುವ ಮುನ್ನ ಮಗನನ್ನು ಕಂಡಳು. ನೀನು ಇಲ್ಲೇ ಇದ್ದದ್ದು ನನಗೆ ಗೊತ್ತಿತ್ತು ಅಂದನಂತೆ ಅವನು. ಒಂದು ದಿನ ಮೇಲಿಂದ ಕೆಮ್ಮು ಕೇಳಿಸಿತ್ತು. ಅವತ್ತಿನಿಂದ ಬೇರೆ ಮಕ್ಕಳು ಆಡುತ್ತಾ ಆ ಕಡೆ ಬಂದರೆ ಉಪಾಯವಾಗಿ ದೂರ ಕರೆದೊಯ್ಯುತ್ತಿದ್ದ. ಯಾರಿಗೂ ಹೇಳಿರಲಿಲ್ಲ.

ಇಂಥದ್ದೆಲ್ಲ ಕಾದಂಬರಿಯಲ್ಲೇ ನಡೆಯೋದು ಅನ್ನಿಸುತ್ತೆ ಅಲ್ವಾ? ಹಾಗೆ ಅಂದುಕೊಂಡವರು ನಾವು ಮಾತ್ರ ಅಲ್ಲ. 1861ರಲ್ಲಿ ಬಂದ ಆಕೆಯ ಆತ್ಮಕಥೆಯಲ್ಲಿ ಎಲ್ಲರ ಹೆಸರೂ ಬದಲಾಗಿತ್ತು, ತನ್ನನ್ನೂ ಲಿಂಡಾ ಬ್ರೆಂಟ್ ಎಂದು ಕರೆದುಕೊಂಡಿದ್ದಳು. ಆದರೆ 'ಸ್ವತಃ ಬರೆದದ್ದು' ಎಂದು ಮುಖಪುಟದಲ್ಲೇ ಅಚ್ಚಾಗಿತ್ತು. ಆದರೂ 20ನೇ ಶತಮಾನದಲ್ಲಿ ಎಷ್ಟೋ ವಿದ್ವಾಂಸರು ಇದು ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಕಟ್ಟಿದ ಕಥೆ ಅಂದುಬಿಟ್ಟರು. ಗುಲಾಮಳಾಗಿದ್ದವಳು ಇಷ್ಟು ಚೆನ್ನಾಗಿ ಬರೆದಾಳೇ ಎಂಬ ಗುಮಾನಿಯೂ ಅದರಲ್ಲಿತ್ತು ಅನ್ನೋದು ನಮ್ಮ ಅಭಿಪ್ರಾಯ.

ಸಾಕ್ಷಿ ಹುಡುಕಿದ್ದು ಜೀನ್ ಫೇಗನ್ ಯೆಲಿನ್. ಪತ್ರಗಳು, ದಾಖಲೆಗಳನ್ನು ಒಂದೊಂದಾಗಿ ಪುಸ್ತಕದ ಜೊತೆ ತಾಳೆ ನೋಡಿ, ಲಿಂಡಾ ಅಂದರೆ ಹ್ಯಾರಿಯೆಟ್ಟೇ ಎಂದು ಸಾಬೀತು ಮಾಡಿ 1987ರಲ್ಲಿ ಹೊಸ ಆವೃತ್ತಿ ತಂದರು. ಆ ಪತ್ರಗಳನ್ನು ಹ್ಯಾರಿಯೆಟ್ ತನ್ನ ಗೆಳತಿ ಏಮಿ ಪೋಸ್ಟ್‌ಗೆ ಬರೆದಿದ್ದಳು. ಹಗಲೆಲ್ಲ ಬೇರೆಯವರ ಮಕ್ಕಳನ್ನು ನೋಡಿಕೊಂಡು, ರಾತ್ರಿ ಮನೆಯವರಿಗೆ ಗೊತ್ತಾಗದ ಹಾಗೆ ಈ ಪುಸ್ತಕ ಬರೆಯುತ್ತಿದ್ದ ದಿನಗಳ ಪತ್ರಗಳು ಅವು.